ಶಾಲು ಬೇಡ ಎಂದ ಕೋಚ್ ಸರ್‌ಗೆ

ಎಲ್ಲರಿಗೂ ಶರಣು.

ಈ ಬೇಸಿಗೆಗೆ ರಾಯಚೂರಿನ ನಮ್ಮ ನೆಟ್ಸ್‌ಗೆ, ಅಂದರೆ ಮಕ್ಕಳು ಬಲೆಯೊಳಗೆ ಕ್ರಿಕೆಟ್ ಅಭ್ಯಾಸ ಮಾಡುವ ಜಾಗಕ್ಕೆ, ಹತ್ತು ವರ್ಷ ತುಂಬಿತು. ಸಣ್ಣದೊಂದು ಸನ್ಮಾನ ಇಟ್ಟುಕೊಳ್ಳೋಣ ಎಂದು ಪಾಲಕರು ಹೊರಟಾಗ ಕೋಚ್ ಸರ್ ಕೈಯಾಡಿಸಿಬಿಟ್ಟರು: "ಶಾಲು, ಹಾರ, ಹಣ್ಣಿನ ಬುಟ್ಟಿ ಏನೂ ಬ್ಯಾಡ್ರಿ. ಆ ರೊಕ್ಕದಾಗ ಎರಡು ಡಜನ್ ಬಾಲ್ ತರ್ರಿ." ಬಾಲ್ ಬಂದಿವೆ. ತಮ್ಮ ಹೆಸರು ಎಲ್ಲಿಯೂ ಹಾಕಬಾರದು ಎಂದೂ ಹೇಳಿದ್ದಾರೆ, ಹಾಕಿಲ್ಲ. ಏನೇನು ಮಾಡಿದರು ಅಂತ ಬರೆಯಬಾರದು ಎಂದು ಮಾತ್ರ ಹೇಳಲಿಲ್ಲ. ಆ ಸಂದಿಯಲ್ಲಿ ನುಸುಳಿ ಬಂದದ್ದು ಈ ಬರಹ.

ಸರ್ ಆಡಿದ್ದು ದೇಶೀಯ ಕ್ರಿಕೆಟ್, ಅಂದರೆ ದೇಶದೊಳಗಿನ ತಂಡಗಳ ನಡುವಿನದು. ನಮ್ಮ ಕಡೆ ಹಾಗೆಂದ ಕೂಡಲೇ ಬರುವ ಪ್ರಶ್ನೆ, "ಟಿವಿಯಾಗ ಬಂದಾರೇನು?" ಉಳಿದ ಊರಿನವರು ಕೇಳಲಿ, ರಾಯಚೂರಿನವರು ಕೇಳಬಾರದ ಪ್ರಶ್ನೆ ಇದು. ಇದೇ ಊರಲ್ಲಿ ಹುಟ್ಟಿದ ಯರೇಗೌಡರು ಭಾರತ ತಂಡಕ್ಕೆ ಒಂದೂ ಪಂದ್ಯ ಆಡದೆ ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯ ಆಡಿದರು, ಏಳು ಸಾವಿರಕ್ಕೂ ಹೆಚ್ಚು ರನ್ ಗಳಿಸಿದರು. ರೈಲ್ವೇಸ್ ತಂಡ 2001-02ರಲ್ಲಿ, ಮತ್ತೆ 2004-05ರಲ್ಲಿ ರಣಜಿ ಟ್ರೋಫಿ ಗೆದ್ದ ಕಾಲದ ಆಟಗಾರ ಅವರು. ಕರ್ನಾಟಕಕ್ಕೂ ಆಡಿದರು. ಮುಂದೆ ಅವರು ಕೋಚ್ ಆಗಿದ್ದಾಗ ಕರ್ನಾಟಕ 2018-19 ಮತ್ತು 2019-20ರಲ್ಲಿ ಸೈಯದ್ ಮುಷ್ತಾಕ್ ಅಲಿ ಟಿ20 ಟ್ರೋಫಿಯನ್ನು, 2019-20ರಲ್ಲೇ ವಿಜಯ್ ಹಜಾರೆ ಟ್ರೋಫಿಯನ್ನೂ ಗೆದ್ದಿತು. ಸೂರತ್‌ನಲ್ಲಿ ನಡೆದ 2019-20ರ ಟಿ20 ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ ಗೆಲುವಿನ ಅಂತರ ಬರೀ 1 ರನ್. ಹೀಗೆ ಆಡಿ, ಆಮೇಲೆ ಆಡಿಸಿದವರ ದಾರಿಯಲ್ಲೇ ನಮ್ಮ ಸರ್ ಕೂಡ ನಡೆದದ್ದು, ಇನ್ನೂ ಸಣ್ಣ ಅಳತೆಯಲ್ಲಿ.

ದುಡ್ಡಿನ ಮಾತನ್ನೂ ಬಿಚ್ಚಿ ಹೇಳಬೇಕು, ಪಾಲಕರು ಅದನ್ನೇ ಕೇಳುತ್ತಾರೆ. 2021ರಲ್ಲಿ ಬಿಸಿಸಿಐ ಪ್ರಕಟಿಸಿದ ದರದ ಪ್ರಕಾರ ಹಿರಿಯ ಪುರುಷರ ರಣಜಿಯಂಥ ದೇಶೀಯ ಪಂದ್ಯಕ್ಕೆ 40ಕ್ಕಿಂತ ಹೆಚ್ಚು ಪಂದ್ಯ ಆಡಿದವರಿಗೆ ದಿನಕ್ಕೆ 60,000 ರೂಪಾಯಿ, 21ರಿಂದ 40 ಆಡಿದವರಿಗೆ 50,000, ಅದಕ್ಕೂ ಕೆಳಗಿನವರಿಗೆ 40,000. ಹನ್ನೊಂದರಲ್ಲಿ ಇಲ್ಲದೆ ಹೊರಗೆ ಕುಳಿತವರಿಗೆ ಇದರ ಅರ್ಧ. ಸರ್ ಆಡುವ ಕಾಲಕ್ಕೆ ಇಷ್ಟೆಲ್ಲ ಎಲ್ಲಿತ್ತು? ಆಗ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕ್ರೀಡಾ ಕೋಟಾದ ನೌಕರಿ ಸಿಕ್ಕರೆ ಮನೆ ನಡೆಯುತ್ತಿತ್ತು, ಇಲ್ಲವಾದರೆ ಇಪ್ಪತ್ತೈದಕ್ಕೇ ಕಿಟ್ ಬ್ಯಾಗ್ ಅಟ್ಟ ಸೇರುತ್ತಿತ್ತು. ರಣಜಿ ಪಂದ್ಯ ಆಡಿ ಬಂದು ಸೋಮವಾರ ಆಫೀಸಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಬದುಕು ಅದು. ಸರ್‌ಗೆ ಲೆಕ್ಕ ಬರೆಯುವ ಚಟ ಅಲ್ಲಿಂದಲೇ ಅಂಟಿತೋ ಏನೋ.

ಆ ಲೆಕ್ಕದ ಪುಸ್ತಕಕ್ಕೇ ನಮ್ಮ ಮೊದಲ ಥ್ಯಾಂಕ್ಸ್. ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಯುವ ಉದ್ದನೆಯ, ಕೆಂಪು ಬಟ್ಟೆಯ ಬೆನ್ನಿನ ಪುಸ್ತಕ. ಪ್ರತಿ ಹುಡುಗನಿಗೆ ಎರಡು ಪುಟ. ಬೌಲರ್ ಆದರೆ ಎಸೆದ ಬಾಲ್ ಎಷ್ಟು, ಬ್ಯಾಟ್ಸ್‌ಮನ್ ಆದರೆ ಆಡಿದ್ದು, ತಪ್ಪಿದ್ದು, ಬಿಟ್ಟದ್ದು. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುವ ಹಳೇ ಪದ್ಧತಿ. ಪುಟದ ಅಂಚಿನಲ್ಲಿ ಬೆವರಿನ ಹೆಬ್ಬೆರಳಿನ ಗುರುತು, ಕೆಲವು ಕಡೆ ಕೆಂಪು ಬಾಲಿನ ಬಣ್ಣ.

ಇದರಲ್ಲಿ "ಬಿಟ್ಟದ್ದು" ಎನ್ನುವ ಕಾಲಂ ಬೇರೆ ನೆಟ್ಸ್‌ಗಳಲ್ಲಿ ಕಾಣುವುದು ಅಪರೂಪ. ಆಫ್ ಸ್ಟಂಪಿನ ಹೊರಗಿನ ಬಾಲನ್ನು ಬ್ಯಾಟ್ ಎತ್ತಿ ಸುಮ್ಮನೆ ಕೀಪರ್‌ಗೆ ಬಿಟ್ಟರೆ ಒಂದು ಗೀಟು. ಥ್ರೋಡೌನ್ ಕೊಡುವಾಗ, ಅಂದರೆ ಹತ್ತಿರದಿಂದ ಬಾಲ್ ಎಸೆದು ಆಡಿಸುವಾಗ, ಆರು ಬಾಲಿಗೆ ಎರಡನ್ನು ಬೇಕೆಂದೇ ಅಲ್ಲಿ ಹಾಕುತ್ತಾರೆ, ಯಾವ ಎರಡು ಎಂದು ಹೇಳುವುದಿಲ್ಲ. ಬೀಸಿದರೆ ಬೈಗುಳ ಇಲ್ಲ, ಗೀಟು ಇಲ್ಲ, ಅಷ್ಟೇ. ತಿಂಗಳ ಕೊನೆಗೆ ಹುಡುಗ ತನ್ನ ಪುಟ ತಾನೇ ನೋಡಿಕೊಳ್ಳಬೇಕು. ನಾಲ್ಕು ದಿನದ ಪಂದ್ಯದ ಮೊದಲ ತಾಸಿನಲ್ಲಿ, ಹೊಸ ಬಾಲ್ ಇನ್ನೂ ಗಾಳಿಯಲ್ಲಿ ಸ್ವಿಂಗ್ ಆಗುತ್ತಿರುವಾಗ, ಈ ಗೀಟುಗಳೇ ರನ್. ಮೊಬೈಲಿನಲ್ಲಿ ಸಿಕ್ಸರ್ ನೋಡಿ ಬೆಳೆದ ಹನ್ನೆರಡರ ಪೋರನಿಗೆ ಇದನ್ನು ಬಾಯಿಂದ ಹೇಳಿದರೆ ಇಳಿಯುವುದಿಲ್ಲ, ಪುಸ್ತಕದಲ್ಲಿ ಕಂಡರೆ ಇಳಿಯುತ್ತದೆ.

ಇನ್ನು ವಿಕೆಟ್, ಅಂದರೆ ಬಾಲ್ ಪುಟಿಯುವ ನೆಲದ ಪಟ್ಟಿ. ನಮ್ಮದು ಎರೆ ಭೂಮಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬೆರಳು ತೂರುವಷ್ಟು ಬಿರಿಯುತ್ತದೆ. ಹುಲ್ಲು ಬೆಳೆಸಿ ಮಾಡುವ ಟರ್ಫ್ ವಿಕೆಟ್‌ಗೂ ಜೇಡಿ ಅಂಶದ ಮಣ್ಣೇ ಬೇಕು, ಆದರೆ ಅದಕ್ಕೆ ದಿನದಿನ ನೀರು, ಹುಲ್ಲು, ಭಾರದ ರೋಲರ್, ಒಬ್ಬ ಕಾಯಂ ಆಳು ಬೇಕು. ಏಪ್ರಿಲ್‌ನಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಓಣಿಯಲ್ಲಿ ಅದು ಆಗದ ಮಾತು. ಹಾಗಾಗಿ ನಾರಿನ ಮ್ಯಾಟ್. ಮ್ಯಾಟ್ ಎಂದರೆ ಹಾಸಿದರೆ ಮುಗಿಯಿತು ಎಂದುಕೊಂಡಿದ್ದೆವು. ಅಸಲಿ ಕೆಲಸ ಇರುವುದು ಅದರ ಕೆಳಗೆ.

ಸರ್ ಮಾಡಿಸಿದ ಕ್ರಮ ಹೀಗಿದೆ, ಬೇರೆ ಊರಿನವರಿಗೂ ಉಪಯೋಗಕ್ಕೆ ಬರಲಿ. ಎರಡೂ ತುದಿಗೆ ಓಡುವವರ ಜಾಗ ಬಿಟ್ಟು, ವಿಕೆಟ್‌ನ ಉದ್ದಕ್ಕೆ ಒಂದೂವರೆ ಅಡಿ ಆಳ ಎರೆಮಣ್ಣು ತೆಗೆಯಬೇಕು. ಅದೇ ಮಣ್ಣಿನ ಮೇಲೆ ಗರಸು (ಹರಳು ಕೂಡಿದ ಗಟ್ಟಿ ಮಣ್ಣು) ಹಾಕಿದರೆ ಮೊದಲ ಮಳೆಗೆ ಅಡಿಯಿಂದ ಉಬ್ಬಿ ನಡುವೆ ಡುಬ್ಬ ಏಳುತ್ತದೆ. ಗುಂಡಿಗೆ ಗರಸನ್ನು ಒಮ್ಮೆಲೇ ಸುರಿಯಬಾರದು. ನಾಲ್ಕು ಇಂಚಿನ ಪದರ, ನೀರು, ರೋಲರ್, ಮತ್ತೆ ನಾಲ್ಕು ಇಂಚು. ನೀರು ಎಷ್ಟು ಎನ್ನುವುದಕ್ಕೆ ಅಳತೆ ಕೈಯೇ: ಒಂದು ಮುಷ್ಟಿ ಹಿಡಿದು ಹಿಚುಕಿದರೆ ಉಂಡೆ ನಿಲ್ಲಬೇಕು, ಬೆರಳಸಂದಿಯಲ್ಲಿ ನೀರು ಜಿನುಗಬಾರದು. ಜಿನುಗಿದರೆ ರೋಲರ್ ಮುಂದೆ ಮಣ್ಣು ಅಲೆಯಂತೆ ಓಡುತ್ತದೆ, ಗಟ್ಟಿಯಾಗುವುದಿಲ್ಲ. ಮೇಲಿನ ಪದರಕ್ಕೆ ಜರಡಿ ಹಿಡಿದ ಸಣ್ಣ ಗರಸು ಮಾತ್ರ, ಕಡಲೆ ಗಾತ್ರದ ಒಂದು ಹರಳು ಉಳಿದರೂ ಮ್ಯಾಟ್ ಅಲ್ಲೇ ತೂತು ಬೀಳುತ್ತದೆ. ಎರಡೂ ಪಕ್ಕಕ್ಕೆ ನೀರು ಹರಿದುಹೋಗುವ ಸಣ್ಣ ಕಾಲುವೆ.

ಆಮೇಲೆ ದಾರ. ಗೌಂಡಿಗಳು ಗೋಡೆಗೆ ಹಿಡಿಯುವಂಥದ್ದೇ. ಒಂದು ಸ್ಟಂಪಿನ ಬುಡದಿಂದ ಇನ್ನೊಂದರ ಬುಡಕ್ಕೆ, 20.12 ಮೀಟರ್, ಬಿಗಿಯಾಗಿ ಎಳೆದು ಸರ್ ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಾರೆ. ದಾರದ ಕೆಳಗೆ ಬೆಳಕು ಎಲ್ಲೆಲ್ಲಿ ಕಂಡಿತೋ ಅಲ್ಲಿ ತಗ್ಗು. ಅಲ್ಲಿಗೆ ಬೊಗಸೆ ಗರಸು, ನೀರಿನ ಚುಮುಕು, ದಿಮ್ಮಸು. ಮತ್ತೆ ಕೆನ್ನೆ ನೆಲಕ್ಕೆ. ಒಳ್ಳೆಯ ಲೆಂಗ್ತ್ ಬೀಳುವ ಜಾಗದಲ್ಲಿ, ಅಂದರೆ ಬ್ಯಾಟ್ಸ್‌ಮನ್‌ನಿಂದ ಐದಾರು ಮೀಟರ್ ಮುಂದೆ, ಈ ಪರೀಕ್ಷೆ ಎರಡೆರಡು ಸಲ. ಅರ್ಧ ಇಂಚಿನ ತಗ್ಗು ಅಲ್ಲಿದ್ದರೆ ಒಂದು ಬಾಲ್ ಗಂಟಲಿಗೆ, ಇನ್ನೊಂದು ಪಾದಕ್ಕೆ.

66 ಅಡಿ ಉದ್ದ, 8 ಅಡಿ ಅಗಲದ ಮ್ಯಾಟನ್ನು ಮೊದಲು ಉದ್ದಕ್ಕೆ ಎಳೆದು ಎರಡೂ ತುದಿಗೆ ಮೊಳೆ ಹೊಡೆಯಬೇಕು, ಅಗಲದ ಅಂಚು ಆಮೇಲೆ. ತಿರುಗಾಮುರುಗಾ ಮಾಡಿದರೆ ನಡುವೆ ನಿರಿಗೆ ಉಳಿಯುತ್ತದೆ. ಮೊಳೆ ಆರು ಇಂಚಿನದು, ತಲೆ ಮ್ಯಾಟಿಗಿಂತ ಕೆಳಗೆ ಕೂರಬೇಕು. ಬಿಸಿಲಿಗೆ ನಾರು ಸಡಿಲಾಗುವುದರಿಂದ ವಾರಕ್ಕೊಮ್ಮೆ ಮತ್ತೆ ಎಳೆಯುವ ಕೆಲಸ ಇದ್ದೇ ಇರುತ್ತದೆ. ಮಳೆ ಬಂದರೆ ಕೂಡಲೇ ಸುತ್ತಬಾರದು, ಒಣಗಿಸಿಯೇ ಸುತ್ತಬೇಕು. ಹಸಿ ಇದ್ದಾಗ ಸುತ್ತಿಟ್ಟ ಮ್ಯಾಟ್ ಒಳಗಿಂದ ಕೊಳೆಯುತ್ತದೆ, ಬಿಚ್ಚಿದಾಗಲೇ ಗೊತ್ತಾಗುವುದು. ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲೆ ಇಟ್ಟರೆ ಇಲಿ ಕಾಟವೂ ಕಡಿಮೆ.

ಮ್ಯಾಟಿನ ಮೇಲೆ ಆಡಿ ಬೆಳೆದ ಹುಡುಗರ ದೊಡ್ಡ ತೊಂದರೆ ಬೆಂಗಳೂರಿನ ಟರ್ಫ್‌ನಲ್ಲಿ ಹೊರಬೀಳುತ್ತದೆ. ಮ್ಯಾಟಿನಲ್ಲಿ ಬಾಲ್ ಕಚ್ಚಿ ಎದೆಗೆ ಏಳುತ್ತದೆ. ಹುಡುಗ ತನಗೆ ತಿಳಿಯದಂತೆ ಹಿಂದಿನ ಕಾಲಿಗೆ ಭಾರ ಹಾಕಿ ಕಾಯುವುದನ್ನು ಕಲಿತಿರುತ್ತಾನೆ. ಅದೇ ಲೆಂಗ್ತ್ ಟರ್ಫ್‌ನಲ್ಲಿ ಜಾರಿ ಮೊಣಕಾಲಿಗೆ ಬರುತ್ತದೆ, ಎಲ್‌ಬಿ, ಅಂದರೆ ಕಾಲಿಗೆ ಬಡಿದು ಔಟ್. ಊರಲ್ಲಿ ನೂರು ಹೊಡೆದವನು ಅಲ್ಲಿ ಹತ್ತು ಬಾಲ್ ನಿಲ್ಲಲಿಲ್ಲ ಎಂದರೆ ನಸೀಬು, ರಾಜಕೀಯ ಎಂದು ಮನೆಯವರು ಅನ್ನುತ್ತಾರೆ. ಕೆಲವು ಸಲ ಅದೂ ಇರಬಹುದು, ಬಹಳ ಸಲ ಕಾಲಿನ ಭಾರವೇ ಕಾರಣ.

ಇದಕ್ಕೆ ಸರ್ ಕಂಡುಕೊಂಡ ಮದ್ದು ಅಗ್ಗದ್ದು. ಶಾಲೆಯ ಸಿಮೆಂಟ್ ಕಟ್ಟೆ, ಒಂದು ಬಕೆಟ್ ನೀರು, ಎಂಟು ಟೆನಿಸ್ ಬಾಲ್. ನೆನೆದ ಟೆನಿಸ್ ಬಾಲ್ ನುಣುಪು ಸಿಮೆಂಟಿನಲ್ಲಿ ಏಳದೆ ಜಾರುತ್ತದೆ. ಸರ್ ಸ್ಟೂಲ್ ಮೇಲೆ ಕುಳಿತು, ಕೈ ಕೆಳಗಿಟ್ಟು, ಹದಿನೈದು ಗಜದಿಂದ ಸೈಡ್‌ಆರ್ಮ್‌ನಲ್ಲಿ (ಬಾಲ್ ಎಸೆಯುವ ಉದ್ದ ಹಿಡಿಕೆಯ ಚಮಚದಂಥ ಸಾಧನ) ಎಸೆಯುತ್ತಾರೆ. ದಿನಕ್ಕೆ ಒಬ್ಬರಿಗೆ 30, ಆಯ್ಕೆಯ ಟ್ರಯಲ್‌ಗೆ ಮುಂಚಿನ ಮೂರು ವಾರ. ಮುಂದಿನ ಕಾಲು ತಾನಾಗಿ ಮುಂದೆ ಬರಲು ಶುರುವಾಗುತ್ತದೆ. ಅಂದಹಾಗೆ ಸೈಡ್‌ಆರ್ಮ್ ಹಿಡಿದು ಭಾರತ ತಂಡದ ದಿಗ್ಗಜರಿಗೆಲ್ಲ ಅಭ್ಯಾಸ ಕೊಟ್ಟ ರಾಘವೇಂದ್ರ ನಮ್ಮ ರಾಜ್ಯದ ಕುಮಟಾದವರು, ಇದನ್ನು ಹುಡುಗರಿಗೆ ಹೇಳಿದಾಗ ಎಲ್ಲರಿಗೂ ಎಸೆಯುವ ಆಸೆ. ಬರೀ ಕೈಯಲ್ಲಿ ದಿನಕ್ಕೆ ಇನ್ನೂರು ಥ್ರೋಡೌನ್ ಕೊಟ್ಟರೆ ಯಾವ ಭುಜವೂ ಉಳಿಯುವುದಿಲ್ಲ. ಸರ್‌ನ ಬಲಭುಜಕ್ಕೆ ನಾವು ಬೇರೆಯೇ ಒಂದು ಥ್ಯಾಂಕ್ಸ್ ಹೇಳಬೇಕು.

ಸ್ಪಿನ್ನರ್‌ಗಳದು ಇದರ ಉಲ್ಟಾ ಕಥೆ. ಮ್ಯಾಟಿನಲ್ಲಿ ಸುಮ್ಮನೆ ಜೋರಾಗಿ ಒಗೆದರೂ ಬಾಲ್ ತಿರುಗುತ್ತದೆ, ವಿಕೆಟ್ ಬೀಳುತ್ತದೆ, ಹುಡುಗ ಗಾಳಿಯಲ್ಲಿ ಬಾಲ್ ತೇಲಿಸುವುದನ್ನು ಕಲಿಯುವುದೇ ಇಲ್ಲ. ನೆಟ್‌ನ ನಡುವೆ ಬ್ಯಾಟ್ಸ್‌ಮನ್‌ನ ಕಣ್ಣಿಗಿಂತ ಒಂದು ಗೇಣು ಮೇಲೆ ಅದೇ ಗೌಂಡಿ ದಾರ ಕಟ್ಟಿ, ಅದರ ಮೇಲಿಂದ ಹಾಯಿಸಿ ಲೆಂಗ್ತ್‌ಗೆ ಬೀಳಿಸಬೇಕು ಎಂಬುದು ಕರಾರು.

ವೇಗದ ಬೌಲರ್‌ಗಳ ಪುಟಗಳ ಬಗ್ಗೆ ಪಾಲಕರು ಗಮನ ಕೊಟ್ಟು ಓದಬೇಕು. 14-15ರ ಹುಡುಗರಿಗೆ ಒಂದು ಸ್ಪೆಲ್‌ಗೆ (ಒಂದೇ ಸರದಿಯಲ್ಲಿ ಎಸೆಯುವುದು) 6 ಓವರ್, ದಿನಕ್ಕೆ 12, ಅದಕ್ಕಿಂತ ಒಂದು ಬಾಲೂ ಹೆಚ್ಚಿಲ್ಲ. ನೆಟ್ಸ್‌ನಲ್ಲಿ ಎಸೆದದ್ದೂ ಅದೇ 72 ಬಾಲಿನೊಳಗೇ. ಸತತ ಎರಡು ದಿನ ಎಸೆದರೆ ಮೂರನೇ ದಿನ ಬಿಡುವು. ಕಾರಣ ಬೆನ್ನಿನಲ್ಲಿದೆ. ಆ ವಯಸ್ಸಿನಲ್ಲಿ ಬೆನ್ನುಮೂಳೆಯ ಕೆಳಭಾಗ ಇನ್ನೂ ಬಲಿತಿರುವುದಿಲ್ಲ. ಬಾಲ್ ಬಿಡುವಾಗ ಬೆನ್ನು ಒಮ್ಮೆಗೇ ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚುತ್ತದೆ. ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ಇರುವ ಮಿಶ್ರ ಆಕ್ಷನ್ ಆದರಂತೂ ತಿರುಚು ಇಮ್ಮಡಿ. ದಿನಾ ಮಾಡಿದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕು. ಬಲಗೈ ಬೌಲರ್‌ಗೆ ನೋವು ಸಾಮಾನ್ಯವಾಗಿ ಸೊಂಟದ ಎಡಬದಿಗೆ, ಹಿಂದಕ್ಕೆ ಬಾಗಿದಾಗ ಹೆಚ್ಚು. ಆಗ ಬಾಮು ತಿಕ್ಕಿ ಆಡಿಸುವುದು ತಪ್ಪು. ಎಲುಬಿನ ಡಾಕ್ಟರ್‌ಗೆ ತೋರಿಸಬೇಕು, ಶುರುವಿನ ಬಿರುಕು ಸಾದಾ ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐ ಬೇಕಾಗುವುದುಂಟು. ಬಿರುಕು ಎಂದಾದರೆ ತಿಂಗಳುಗಟ್ಟಲೆ ಬೌಲಿಂಗ್ ಬಂದ್. "ಒಂದು ವರ್ಷ ಕಾಯ್ದರ ಹತ್ತು ವರ್ಷ ಎಸೀತಾನ್ರಿ" ಎಂದು ಸರ್ ತಾಯಂದಿರಿಗೆ ಹೇಳುತ್ತಾರೆ. ತಂದೆಯರಿಗೆ ಹೇಳಿ ಪ್ರಯೋಜನವಿಲ್ಲ ಎಂದು ಕಂಡುಕೊಂಡಿದ್ದಾರೆ ಅನ್ನಿಸುತ್ತದೆ.

ಬ್ಯಾಟಿನ ವಿಷಯ. ಸಾಲ ಮಾಡಿ ತಂದ ಇಂಗ್ಲಿಷ್ ವಿಲೋ ಬ್ಯಾಟ್ ಒಂದೇ ತಿಂಗಳಿಗೆ ಸೀಳಿದರೆ ಅಂಗಡಿಯವನನ್ನು ಬೈಯುವವರೇ ಹೆಚ್ಚು. ಸರ್ ಎಲ್ಲರ ಮನೆಯಲ್ಲಿ ಅಗಸಿ ಎಣ್ಣೆ ತರಿಸಿದರು. ಅಗಸಿ ಹಿಂಡಿ ರೊಟ್ಟಿಗೆ ಹಚ್ಚಿಕೊಳ್ಳುವ ನಾಡು ನಮ್ಮದು, ಅದರ ಎಣ್ಣೆ ಬ್ಯಾಟಿಗೂ ಬೇಕೆಂದು ಗೊತ್ತಿರಲಿಲ್ಲ. ಗಾಣದ ಹಸಿ ಎಣ್ಣೆ ಆಗಬೇಕು. ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ್ದು ಬೇಡ, ಅದು ಮೇಲೆ ಪೊರೆಯಂತೆ ಗಟ್ಟಿಯಾಗುತ್ತದೆ. ಒಂದು ಚಮಚ ಎಣ್ಣೆಯನ್ನು ಬಟ್ಟೆಯಿಂದ ಮುಂಭಾಗ, ಅಂಚು, ಬುಡಕ್ಕೆ ತೆಳ್ಳಗೆ ಹಚ್ಚಿ, ಹಿಡಿಕೆ ಸೇರುವ ಜಾಗಕ್ಕೆ ತಾಗಿಸದೆ, ಬ್ಯಾಟನ್ನು ಮಲಗಿಸಿ ಒಂದು ರಾತ್ರಿ ಬಿಡಬೇಕು. ನಿಲ್ಲಿಸಿದರೆ ಎಣ್ಣೆಯೆಲ್ಲ ಬುಡಕ್ಕೆ ಇಳಿಯುತ್ತದೆ. ಮರುದಿನ ಇನ್ನೊಂದು ತೆಳು ಕೈ. ಮೂರನೆಯದು ಬೇಡ, ಎಣ್ಣೆ ಕುಡಿದ ಬ್ಯಾಟ್ ಭಾರವಾಗಿ ಸತ್ತಂತೆ ಸದ್ದು ಮಾಡುತ್ತದೆ. ಆಮೇಲೆ ಮರದ ಸುತ್ತಿಗೆಯಿಂದ ನಾಕಿಂಗ್, ಒಟ್ಟು ನಾಲ್ಕರಿಂದ ಆರು ತಾಸು, ದಿನಕ್ಕೆ ಅರ್ಧ ತಾಸಿನಂತೆ, ಮೆಲ್ಲಗೆ ಶುರುಮಾಡಿ. ಅಂಚಿಗೆ ನೇರ ಹೊಡೆಯದೆ ಓರೆಯಾಗಿ ಬಡಿದು ದುಂಡಗೆ ಮಾಡಬೇಕು, ಏಕೆಂದರೆ ಬಿರುಕು ಶುರುವಾಗುವುದು ಅಲ್ಲಿಂದಲೇ. ಇಷ್ಟೆಲ್ಲ ಮಾಡಿ ಮೇ ತಿಂಗಳಲ್ಲಿ ಪತ್ರಾಸಿನ ಕೋಣೆಯಲ್ಲಿಟ್ಟರೆ ಮುಗಿಯಿತು, ಕಟ್ಟಿಗೆಯ ಪಸೆ ಆರಿ ಸೀಳುತ್ತದೆ. ಮನೆಯಲ್ಲಿ ತಂಪಾಗಿರುವ ಮೂಲೆ ಯಾವುದೋ, ಬ್ಯಾಟ್ ಅಲ್ಲಿಗೆ.

ಬಿಸಿಲಿನ ಬಗ್ಗೆ ಉದ್ದ ಬರೆಯುವುದು ಬೇಡ, ಎಲ್ಲರೂ ಉಂಡದ್ದೇ. ಬೇಸಿಗೆಯಲ್ಲಿ ಬೆಳಿಗ್ಗೆ 5:45ಕ್ಕೆ ಶುರು, 8ಕ್ಕೆ ಮ್ಯಾಟ್ ಖಾಲಿ. ಕ್ಯಾನಿನಲ್ಲಿ ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ಸಮ ಮಾಡಿ. ಉಪ್ಪು ಹೆಚ್ಚಾದರೆ ವಾಂತಿ, ಸಕ್ಕರೆ ಹೆಚ್ಚಾದರೆ ಭೇದಿ. ಅಂದಾಜಿನ ಮೇಲೆ ಹಾಕಬಾರದು.

ಟ್ರಯಲ್ ಹೊತ್ತಿಗೆ ಸರ್ ಬ್ಯಾಟಿಗಿಂತ ಮೊದಲು ಫೈಲ್ ನೋಡುತ್ತಾರೆ. ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎಯ ರಾಯಚೂರು ವಲಯದ ಆಯ್ಕೆಗೆ ಬರುವ ನಮ್ಮ ಭಾಗದ ಹುಡುಗರು ಮುಗ್ಗರಿಸುವುದು ಬಹಳ ಸಲ ಕಾಗದದಲ್ಲೇ. ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇನಿಷಿಯಲ್, ಶಾಲೆಯ ದಾಖಲೆಯಲ್ಲಿ ಹೆಡ್ ಮಾಸ್ತರು ಬರೆದುಕೊಂಡ ಜೂನ್ 1. ಹುಟ್ಟಿ ಎಷ್ಟೋ ವರ್ಷದ ಮೇಲೆ ನೋಂದಾಯಿಸಿದ ಪತ್ರಕ್ಕೆ ಪ್ರಶ್ನೆ ಏಳುತ್ತದೆ. 16ರ ಒಳಗಿನ ಹುಡುಗರಿಗೆ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡುವ ಟಿಡಬ್ಲ್ಯು3 ಪರೀಕ್ಷೆ ಇದೆ, ಅಲ್ಲಿ ಸುಳ್ಳು ವಯಸ್ಸು ಸಿಕ್ಕಿಬೀಳುತ್ತದೆ. ಅದಕ್ಕೇ ಸರ್ ಶಿಬಿರಕ್ಕೆ ಸೇರುವ ದಿನವೇ ಮೂರೂ ಕಾಗದ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ತಿದ್ದುಪಡಿಗೆ ತಿಂಗಳುಗಳು ಹಿಡಿಯುತ್ತವೆ, ಟ್ರಯಲ್‌ನ ಹಿಂದಿನ ವಾರ ಓಡಾಡಿದರೆ ಆಗುವ ಕೆಲಸವಲ್ಲ. ವಯಸ್ಸು ಕಡಿಮೆ ಮಾಡಿಸಿಕೊಡಿ ಎಂದು ಬಂದವರನ್ನು ಚಹಾ ಕುಡಿಸಿ ವಾಪಸ್ ಕಳಿಸಿದ್ದಾರೆ.

ಟ್ರಯಲ್ ನೆಟ್‌ನಲ್ಲಿ ಒಬ್ಬನಿಗೆ ಸಿಗುವುದು ಎರಡು ಮೂರು ಓವರ್‌ನಷ್ಟೇ ಬಾಲ್. ಅಷ್ಟರಲ್ಲಿ ಎಲ್ಲ ಶಾಟ್ ತೋರಿಸಬೇಕು ಎಂಬ ಗಡಿಬಿಡಿಗೆ ಹುಡುಗರು ಮೂರನೇ ಬಾಲಿಗೇ ಎತ್ತಿ ಹೊಡೆಯುತ್ತಾರೆ. ಸರ್ ಹೇಳಿಕೊಡುವುದು: ಗಾರ್ಡ್ ತಗೋ, ಮೊದಲ ಆರು ಬಾಲಿನಲ್ಲಿ ಬಿಡುವುದನ್ನೂ ತಡೆಯುವುದನ್ನೂ ತೋರಿಸು, ಆಮೇಲೆ ಕಾಲ ಬಳಿಯೇ ಬೀಳುವ ಹಾಫ್ ವಾಲಿ ಬಂದರೆ ಬಿಡಬೇಡ. ಆಯ್ಕೆಗಾರರ ಕುರ್ಚಿಯ ಕಡೆ ತಿರುಗಿ ನೋಡಬೇಡ. ಔಟ್ ಆದರೆ ಬ್ಯಾಟ್ ನೆಲಕ್ಕೆ ಕುಟ್ಟಬೇಡ, ಅದನ್ನೂ ಬರೆದುಕೊಳ್ಳುತ್ತಾರೆ.

ಸರ್ ಒಬ್ಬರಿಂದಲೇ ಹತ್ತು ವರ್ಷ ನಡೆಯಲಿಲ್ಲ ಎಂದು ಅವರೇ ಹೇಳುತ್ತಾರೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಚಹಾ ಮಾಡಿ ಕಳಿಸುವ ಅವರ ಮನೆಯವರಿಗೆ, ಮೈದಾನದ ಗೇಟಿನ ಕೀಲಿ ನಂಬಿ ಕೊಟ್ಟ ಹೆಡ್ ಮಾಸ್ತರರಿಗೆ, ಉಳಿದ ನೀರನ್ನು ಗರಸಿಗೆ ಬಿಟ್ಟು ಹೋಗುವ ಟ್ಯಾಂಕರ್ ಅಣ್ಣನಿಗೆ ಕೈಮುಗಿಯುತ್ತೇವೆ. ಹರಿದ ನೆಟ್ಟನ್ನು ಹೆಣೆದುಕೊಟ್ಟವರು ಕೃಷ್ಣಾ ದಂಡೆಯ ಮೀನುಗಾರರೊಬ್ಬರು. ನಾವು ಹಾಕಿದ ಗಂಟುಗಳು ಬಾಲಿನ ಪೆಟ್ಟಿಗೆ ಜಾರುತ್ತಿದ್ದವು, ಅವರ ಬಲೆಯ ಗಂಟು ಎಳೆದಷ್ಟೂ ಬಿಗಿಯುತ್ತದೆ. ದುಡ್ಡು ಬೇಡ ಎಂದರು, ಮೊಮ್ಮಗನನ್ನು ಕಳಿಸುತ್ತೇನೆ ಎಂದರು. ಹುಡುಗ ಎಡಗೈ ಸ್ಪಿನ್ನರ್, ಪುಟ 46.

ಪುಸ್ತಕದಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಈ ವರ್ಷ ಹನ್ನೊಂದಕ್ಕೆ ಏರಿದೆ. ಅವರಿಗಾಗಿ ಬಟ್ಟೆ ಬದಲಿಸುವ ಕೋಣೆಗೆ ಬಾಗಿಲು, ಚಿಲಕ ಹಾಕಿಸಿಕೊಟ್ಟ ತಾಯಂದಿರ ಗುಂಪಿಗೂ ವಂದನೆ. ಬಾಗಿಲಿಲ್ಲದ್ದಕ್ಕೇ ಮೊದಲ ವರ್ಷಗಳಲ್ಲಿ ಬಂದವರು ತಿಂಗಳಿಗೆ ಬಿಟ್ಟುಹೋಗುತ್ತಿದ್ದರು ಎಂದು ನಮಗೆ ಹೊಳೆಯಲು ಇಷ್ಟು ಕಾಲ ಬೇಕಾಯಿತು.

ಹೊಸ ಎರಡು ಡಜನ್ ಬಾಲಿನಲ್ಲಿ ನಾಲ್ಕು ತುಂಡು ಚರ್ಮ ಹೊಲಿದವು ಆರು ಮಾತ್ರ, ಅವು ಪಂದ್ಯಕ್ಕೆ. ಉಳಿದ ಹದಿನೆಂಟು ಎರಡು ತುಂಡಿನವು, ನೆಟ್ಸ್‌ಗೆ. ಮ್ಯಾಟ್ ಬಾಲಿನ ಚರ್ಮವನ್ನು ಬೇಗ ತಿನ್ನುವುದರಿಂದ ಈ ಹಂಚಿಕೆ. ಸರ್ ಒಂದೊಂದನ್ನೂ ಕೈಯಲ್ಲಿ ತೂಗಿ ನೋಡಿ, ಪುಸ್ತಕದ ಕೊನೇ ಪುಟದಲ್ಲಿ ಬರೆದುಕೊಂಡಿದ್ದಾರೆ.

ಬರುವ ಭಾನುವಾರ ಮ್ಯಾಟ್ ಎಬ್ಬಿಸಿ ತಿರುವಿ ಹಾಕುವ ಕೆಲಸ ಇದೆ. ಬೌಲರ್‌ಗಳು ಕಾಲಿಡುವ ತುದಿ ಸವೆದಿದೆ, ಅದು ಬ್ಯಾಟ್ಸ್‌ಮನ್ ಕಡೆಗೆ ಬರಬೇಕು. ಗರಸು ಒಂದು ಟ್ರಾಲಿ ಬಂದು ಬಿದ್ದಿದೆ, ಜರಡಿ ಎರಡಿವೆ. ದಾರ ಹಿಡಿಯಲು ಇಬ್ಬರು, ಮೊಳೆ ಕೀಳಲು ನಾಲ್ವರು ಬೇಕು. ಬೆಳಿಗ್ಗೆ 5:30ಕ್ಕೆ ಬರ್ರಿ, ಹಳೇ ಬಟ್ಟೆ ಹಾಕ್ಕೊಂಡು.